ಮಾ ಮೇಷ್ಟ್ರ ಬೆಣ್ಣೆ ನಾಲಿಗೆ

ನಮ್ಮ ಇಕ್ಸಾನ್ ಊರಿನ ಮಕ್ಕಳ ಇಂಗ್ಲಿಷ್ ಉಚ್ಚಾರಣೆ ಸುಧಾರಿಸಿದ್ದು ಯಾರಿಂದ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಮಾ ಮೇಷ್ಟ್ರಿಂದ ಎಂದು ಕೆಲವರು, ನನ್ನ ಸಾರಿನಿಂದ ಎಂದು ಉಳಿದವರು. ಸಾರು ಕಾಯಿಸುವವಳು ನಾನೇ ಆದ್ದರಿಂದ ನಾನು ಯಾರ ಪಕ್ಷವನ್ನೂ ವಹಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಕೀರ್ತಿ ಯಾರಿಗೆ ಸಲ್ಲಬೇಕು ಎಂಬುದನ್ನು ನೀವೇ ಕೂತು ಯೋಚಿಸಿ, ಆಮೇಲೆ ನನಗೇ ಕೊಡಿ.

ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ನನ್ನ ಅಂಗಡಿ. ಮೊಳಕೆ ಸಾರು ಮತ್ತು ಅನ್ನ, ನೆಂಚಿಕೊಳ್ಳಲು ಮೂಲಂಗಿ ಉಪ್ಪಿನಕಾಯಿ. ಗಿರಾಕಿಗಳೆಲ್ಲ ನನ್ನನ್ನು ಚಿಕ್ಕಮ್ಮ ಎಂದೇ ಕರೆಯುತ್ತಾರೆ, ನನಗಿಂತ ವಯಸ್ಸಾದವರೂ ಕೂಡ. ಮೂರನೇ ಅಂತಸ್ತಿನಲ್ಲಿ ‘ಚಿನ್ನದ ನಾಲಿಗೆ ಇಂಗ್ಲಿಷ್ ಪಾಠಶಾಲೆ’. ಶಾಲೆ ಬಿಟ್ಟ ಮಕ್ಕಳು ಮನೆಗೆ ಹೋಗದೆ ಹಳದಿ ವ್ಯಾನಿನಲ್ಲಿ ನೇರ ಅಲ್ಲಿಗೆ ಬರುತ್ತಾರೆ. ಅಲ್ಲಿಂದ ಗಣಿತಕ್ಕೆ, ಗಣಿತದಿಂದ ಪಿಯಾನೋಗೆ, ಪಿಯಾನೋದಿಂದ ಟೇಕ್ವಾಂಡೋಗೆ. ಮನೆಗೆ ಯಾವಾಗ ಹೋಗುತ್ತಾರೋ ನನಗೆ ಗೊತ್ತಿಲ್ಲ, ಅವರ ತಾಯಂದಿರಿಗೂ ಖಚಿತವಾಗಿ ಗೊತ್ತಿರಲಾರದು.

ಮಾ ಗಿಲ್‌ಸು ಅಲ್ಲಿ ಉಚ್ಚಾರಣೆ ಕಲಿಸುವ ಮೇಷ್ಟ್ರು. ಹುಟ್ಟಿದ್ದು ಪಕ್ಕದ ಹಳ್ಳಿ, ಓದಿದ್ದು ಇದೇ ಊರು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಜೇಜು ದ್ವೀಪಕ್ಕೆ ವಿಮಾನದಲ್ಲಿ ಹೋಗಿ ಬಂದದ್ದೇ ಅವರ ವಿದೇಶ ಪ್ರವಾಸ. ಜೇಜು ನಮ್ಮ ದೇಶದಲ್ಲೇ ಇದೆ ಎಂದು ಹೇಳಿ ಅವರ ಮನಸ್ಸು ನೋಯಿಸಲು ನಾನು ಹೋಗಿಲ್ಲ.

ಪಾಠ ಮಾತ್ರ ಶ್ರದ್ಧೆಯಿಂದ ಮಾಡುತ್ತಿದ್ದರು. ನಮ್ಮ ಬಾಯಿಯ ಕಥೆ ಗೊತ್ತಲ್ಲ. ಅದಕ್ಕೆ ‘ಫ’ ಹುಟ್ಟಿದಾಗಿನಿಂದ ಬಂದಿಲ್ಲ. ನಾವು ಕುಡಿಯುವುದು ಕಾಫಿ ಅಲ್ಲ, ಕೊಪಿ. ‘ರ’ ಮತ್ತು ‘ಲ’ ನಮಗೆ ಒಂದೇ ಮನೆಯ ಅಣ್ಣತಮ್ಮಂದಿರು, ಯಾರು ಬಂದರೂ ಬಾ ಎನ್ನುತ್ತೇವೆ. ಇಂಗ್ಲಿಷ್ ಪದದ ಕೊನೆಯ ಅಕ್ಷರವನ್ನು ಒಂಟಿಯಾಗಿ ಕಳಿಸಲು ಮನಸ್ಸು ಬಾರದೆ ಹಿಂದೆ ಒಂದು ‘ಉ’ಕಾರವನ್ನು ಜೊತೆ ಮಾಡುತ್ತೇವೆ. ಮಾ ಮೇಷ್ಟ್ರು ಮಕ್ಕಳ ತುಟಿಯ ಮುಂದೆ ಕಾಗದದ ಪಟ್ಟಿ ಹಿಡಿದು ಊದಿಸುತ್ತಿದ್ದರು, ಕೆಳತುಟಿಯನ್ನು ಹಲ್ಲಿನಿಂದ ಒತ್ತಿಸಿ ‘ಫ’ ಹೇಳಿಸುತ್ತಿದ್ದರು, ಕೈಗೆ ಕನ್ನಡಿ ಕೊಟ್ಟು ನಾಲಿಗೆ ಎಲ್ಲಿದೆ ನೋಡಿಕೋ ಎನ್ನುತ್ತಿದ್ದರು. ಮಕ್ಕಳು ನಗುನಗುತ್ತಾ ನಿಧಾನವಾಗಿ ಕಲಿಯುತ್ತಿದ್ದವು. ಆದರೆ ಮೇಷ್ಟ್ರ ಇಂಗ್ಲಿಷಿನಲ್ಲಿ ಒಂದು ದೊಡ್ಡ ಕೊರತೆಯಿತ್ತು. ಅದು ಎಲ್ಲರಿಗೂ ಅರ್ಥವಾಗುತ್ತಿತ್ತು.

ಈ ಕೊರತೆಯನ್ನು ಮೊದಲು ಪತ್ತೆ ಹಚ್ಚಿದವರು ಬೊಮ್‌ಸೊಕ್‌ನ ಅಮ್ಮ. ಅವರು ತಾಯಂದಿರ ಗುಂಪಿನ ಮುಖಂಡರು. ಅಮೆರಿಕದವರ ಗುವಾಮ್ ದ್ವೀಪಕ್ಕೆ ಸಂಸಾರ ಸಮೇತ ಹೋಗಿ ಬಂದವರಾದ್ದರಿಂದ ಇಂಗ್ಲಿಷಿನ ವಿಷಯದಲ್ಲಿ ಅವರ ಮಾತೇ ಕೊನೆ.

“ಅಲ್ಲ ಚಿಕ್ಕಮ್ಮ, ನೀವೇ ಹೇಳಿ. ಮೇಷ್ಟ್ರು ಇಂಗ್ಲಿಷಲ್ಲಿ ಏನಂದ್ರೂ ನನಗೆ ತಿಳಿಯತ್ತೆ. ನನಗೇ ತಿಳಿಯೋ ಇಂಗ್ಲಿಷಿಗೆ ಫೀಸು ಯಾಕೆ ಕಟ್ಟಬೇಕು? ಒಂಚೂರು ಬೆಣ್ಣೆ ಬೇಡ್ವಾ?”

ಬೆಣ್ಣೆ ಎಂದರೆ ತಿನ್ನುವ ಬೆಣ್ಣೆಯಲ್ಲ. ನಮ್ಮಲ್ಲಿ ಅಮೆರಿಕದವರ ಹಾಗೆ ನಾಲಿಗೆ ಹೊರಳಿಸಿ ಮಾತಾಡಿದರೆ ಬೆಣ್ಣೆ ಹಚ್ಚಿದ ಇಂಗ್ಲಿಷ್ ಎನ್ನುತ್ತಾರೆ. ಮಾ ಮೇಷ್ಟ್ರದು ಒಣ ಅನ್ನ.

ಪಾಠಶಾಲೆಯ ಒಡತಿ ಪ್ಯೋ ಮೇಡಂ ಒಂದು ದಿನ ನನ್ನ ಅಂಗಡಿಯಲ್ಲೇ ಮೇಷ್ಟ್ರ ಎದುರು ಕೂತು, ಮೂಲಂಗಿ ತಟ್ಟೆಯ ಪಕ್ಕದಲ್ಲಿ ಹಳದಿ ವ್ಯಾನಿನ ಕೀಲಿಕೈ ಇಟ್ಟರು.

“ಮಾ ಸರ್, ಗುರುವಾರ ತಾಯಂದಿರು ನಿಮ್ಮ ಪಾಠ ನೋಡೋಕೆ ಬರ್ತಾರೆ. ಅವರು ಒಪ್ಪಿದ್ರೆ ಸರಿ. ಒಪ್ಪಲಿಲ್ಲ ಅಂದ್ರೆ… ನಮ್ಮ ಡ್ರೈವರ್ ಬಾಂಗಣ್ಣನ ಕಣ್ಣಿಗೆ ಪೊರೆ ಬಂದಿದೆ, ಪಾಪ. ನಿಮಗೆ ಲೈಸೆನ್ಸ್ ಇದೆ ತಾನೇ?”

ಮೇಷ್ಟ್ರ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಅವರ ಹೆಂಡತಿ ತವರಿನಲ್ಲೆಲ್ಲ ‘ನಮ್ಮವರು ಇಂಗ್ಲಿಷ್ ಪ್ರೊಫೆಸರ್’ ಎಂದು ಹೇಳಿಕೊಂಡು ಬಂದಿದ್ದಳು. ಪ್ರೊಫೆಸರ್ ಸಾಹೇಬರು ಹಳದಿ ವ್ಯಾನಿನ ಬಾಗಿಲು ತೆಗೆದು ಮಕ್ಕಳನ್ನು ಇಳಿಸುವುದನ್ನು ಅತ್ತೆ ನೋಡಿದರೆ ಏನು ಗತಿ! ನನಗೆ ಅವರ ಮುಖ ನೋಡಿ ನಿಜಕ್ಕೂ ಸಂಕಟವಾಯಿತು. ಸಂಕಟಕ್ಕೆ ಅವರ ಸಾರಿಗೆ ಒಂದು ಮೊಟ್ಟೆ ಹೆಚ್ಚಿಗೆ ಒಡೆದು ಹಾಕಿದೆ.

ಗುರುವಾರ ಬಂತು. ಪಾಠಕ್ಕೆ ಮುಂಚೆ ಮೇಷ್ಟ್ರು ಸಾರು ಕುಡಿದು ಧೈರ್ಯ ತಂದುಕೊಳ್ಳಲು ಬಂದರು. ಒಳ್ಳೆಯದಾಗಲಿ ಎಂದು ನಾನು ಸಾರನ್ನು ಎಂದಿಗಿಂತ ಹೆಚ್ಚು ಕುದಿಸಿ ಮಣ್ಣಿನ ಬಟ್ಟಲಲ್ಲಿ ತಂದಿಟ್ಟೆ. ಮೇಜಿಗೆ ಬಂದ ಮೇಲೂ ಅದು ಬುಳುಬುಳು ಕುದಿಯುತ್ತಲೇ ಇತ್ತು. ಅಷ್ಟರಲ್ಲಿ ಕಟ್ಟಡದ ಮಾಲೀಕರು, ತಾಕ್ ತಾತ, ಬಂದು ಎದುರಿಗೇ ಕೂತುಬಿಟ್ಟರು. ಹಿರಿಯರು ಚಮಚ ಎತ್ತುವ ಮುಂಚೆ ಕಿರಿಯರು ಎತ್ತುವ ಹಾಗಿಲ್ಲ. ತಾತನಿಗೆ ಚಮಚದ ಅವಸರವಿರಲಿಲ್ಲ, ಮಂಡಿ ಆಪರೇಷನ್ನಿನ ಕಥೆ ಹೇಳಬೇಕಿತ್ತು. ಬಲಮಂಡಿ ಮುಗಿಯಿತು, ಎಡಮಂಡಿ ಶುರುವಾಯಿತು. ಮೇಲಿನಿಂದ ಪಾಠದ ಗಂಟೆ ಕೇಳಿಸಿತು. ಆಗ ತಾತ ಒಂದು ಚಮಚ ಹೀರಿ, “ಆಹಾ, ತಂಪಾಯ್ತು! ಕುಡಿಯಪ್ಪ ಮೇಷ್ಟ್ರೇ, ಕುಡಿ” ಎಂದರು.

ಕುದಿಯುವ ಸಾರು ಕುಡಿದು ತಂಪಾಯ್ತು ಎನ್ನುವುದು ನಮ್ಮ ವಾಡಿಕೆ. ಎದೆ ಹಗುರಾಯಿತು ಎಂದು ಅದರ ಅರ್ಥ, ಸಾರು ತಣ್ಣಗಿದೆ ಎಂದಲ್ಲ. ಗಾಬರಿಯಲ್ಲಿದ್ದ ಮೇಷ್ಟ್ರು ಇದನ್ನು ಮರೆತರೋ ಏನೋ, ದೊಡ್ಡ ಚಮಚದ ತುಂಬ ಸಾರೂ ಅನ್ನವೂ ಮೊಳಕೆಯೂ ಎತ್ತಿ ಬಾಯಿಗೆ ಹಾಕಿಕೊಂಡರು. ಕಣ್ಣುಗಳು ದೊಡ್ಡದಾದವು. ಎದುರಿಗೆ ಹಿರಿಯರು ಕೂತಿರುವಾಗ ಉಗುಳುವುದುಂಟೇ? ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಸಂಸ್ಕಾರ ಗೆದ್ದಿತು, ನಾಲಿಗೆ ಸೋತಿತು. ನುಂಗಿಯೇಬಿಟ್ಟರು.

“ತಂಪಾಯ್ತಾ?” ಎಂದರು ತಾತ.

“ಬಹಲ ಥಂಪು” ಎಂದರು ಮೇಷ್ಟ್ರು, ಕಣ್ಣಲ್ಲಿ ನೀರು ಸುರಿಸುತ್ತಾ. ನಾಲಿಗೆ ಆಗಲೇ ಬಾತುಕೊಂಡು ಬಾಯಿ ತುಂಬಿತ್ತು.

ತಾಯಂದಿರಿಗೆ ಬಾರ್ಲಿ ಚಹಾ ಒಯ್ಯುವ ಕೆಲಸ ನನ್ನದಾಗಿದ್ದರಿಂದ ಮುಂದಿನದನ್ನು ನಾನು ಕಣ್ಣಾರೆ ಕಂಡೆ. ತಾಯಂದಿರು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ. ಮೇಷ್ಟ್ರು ಕಾಗದದ ಪಟ್ಟಿ ಹಿಡಿದು ಬಾಯಿ ತೆರೆದರು. ಬಂದದ್ದು ಏನೆಂದು ದೇವರಿಗೇ ಗೊತ್ತು. ನಾಲಿಗೆ ಹಲ್ಲಿಗೆ ತಾಗಬಾರದೆಂದು ಅವರು ಅದನ್ನು ಮೇಲಕ್ಕೆ ಮಡಚಿ ಹಿಡಿದಿದ್ದರು. ಪದಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಹೊರಳಿ, ಜಾರಿ, ಗಂಟಲಲ್ಲಿ ಗುಳುಗುಳು ಎಂದು ಹೊರಬಿದ್ದವು. ‘ಉ’ಕಾರ ಎಲ್ಲೂ ಇಲ್ಲ. ‘ಉ’ಕಾರವಿರಲಿ, ಯಾವ ಅಕ್ಷರವೂ ಇರಲಿಲ್ಲ.

ಬೊಮ್‌ಸೊಕ್‌ನ ಅಮ್ಮ ಕೈ ಬಿಚ್ಚಿದರು.

“ನಿಮಗೇನಾದ್ರೂ ಅರ್ಥ ಆಯ್ತಾ?” ಎಂದು ಪಕ್ಕದವರನ್ನು ಕೇಳಿದರು.

“ಒಂದಕ್ಷರನೂ ಇಲ್ಲ.”

“ನನಗೂ ಇಲ್ಲ. ಅಬ್ಬಬ್ಬಾ!” ಎಂದು ಎದೆ ಮೇಲೆ ಕೈಯಿಟ್ಟುಕೊಂಡರು. “ಇದು ಕಣ್ರೀ ಇಂಗ್ಲಿಷ್ ಅಂದ್ರೆ! ಗುವಾಮ್ ಹೋಟೆಲಲ್ಲಿ ಹಿಂಗೇ ಮಾತಾಡ್ತಿದ್ರು. ಮೇಷ್ಟ್ರೇ, ನೀವು ಅಮೆರಿಕದಲ್ಲಿ ಯಾವ ಕಡೆಯೋರು?”

ಮೇಷ್ಟ್ರು ಅಯ್ಯೋ ಇಲ್ಲ ಇಲ್ಲ ಎಂದು ಎರಡೂ ಕೈ ಬೀಸಿದರು. ಮಾತಾಡಿದರೆ ನೋವು.

“ನೋಡಿ, ಎಂಥಾ ವಿನಯ! ಹೇಳ್ಕೊಳ್ಳೋಕೂ ಇಷ್ಟ ಇಲ್ಲ. ನನಗೆ ಗೊತ್ತಾಯ್ತು ಬಿಡಿ, ಟೆಕ್ಸಾಸ್. ಅಲ್ಲಿಯೋರೇ ಹಿಂಗೆ ಗಂಟಲಲ್ಲಿ ಆಡೋದು.”

ಪ್ಯೋ ಮೇಡಂ ಚಾಲಾಕಿ ಹೆಂಗಸು. ಒಂದು ಕ್ಷಣ ಮೇಷ್ಟ್ರನ್ನು ನೋಡಿದರು, ಒಂದು ಕ್ಷಣ ತಾಯಂದಿರನ್ನು ನೋಡಿದರು. “ಅವರಿಗೆ ಪ್ರಚಾರ ಇಷ್ಟ ಆಗಲ್ಲ ಅಂತ ನಾನೂ ಸುಮ್ಮನಿದ್ದೆ” ಎಂದುಬಿಟ್ಟರು. ಸಂಜೆಯೊಳಗೆ ಕಟ್ಟಡದ ತುಂಬ ಬ್ಯಾನರ್ ಇಳಿಬಿದ್ದಿತು: ‘ಅಮೆರಿಕದ ನಾಲಿಗೆ, ಇಕ್ಸಾನಿನ ಹೃದಯ!’ ಅದು ಸರಿಯಾಗಿ ನನ್ನ ಅಂಗಡಿಯ ಬೋರ್ಡನ್ನು ಮುಚ್ಚಿತು. ಆದರೂ ನಾನು ಜಗಳ ಮಾಡಲಿಲ್ಲ, ಆಗಿನ್ನೂ ನನಗೆ ನನ್ನ ಪಾತ್ರದ ಮಹತ್ವ ತಿಳಿದಿರಲಿಲ್ಲ.

ತಿಳಿದದ್ದು ಮಾರನೆಯ ವಾರ. ಮೇಷ್ಟ್ರು ಕಳ್ಳನ ಹಾಗೆ ಒಳಗೆ ಬಂದು, ಮೂಲೆಯ ಮೇಜಿನಲ್ಲಿ ಕೂತು, ಪಿಸುಗುಟ್ಟಿದರು:

“ಚಿಕ್ಕಮ್ಮ, ನಾಲಿಗೆ ವಾಸಿ ಆಗ್ತಾ ಬಂತು.”

“ಒಳ್ಳೇದಾಯ್ತಲ್ಲ.”

“ಎಲ್ಲಿ ಒಳ್ಳೇದು? ಬೆಳಿಗ್ಗೆ ಕನ್ನಡಿ ಮುಂದೆ ಒಂದು ಪದ ಹೇಳಿ ನೋಡ್ದೆ, ಸ್ಪಷ್ಟವಾಗಿ ಬಂತು! ಸಾರು ಕೊಡಿ. ಚೆನ್ನಾಗಿ ಕುದೀಲಿ.”

ಅಲ್ಲಿಂದ ಅದು ನಿತ್ಯದ ಕ್ರಮವಾಯಿತು. ದಿನಾ ಪಾಠಕ್ಕೆ ಮುಂಚೆ ಮೇಷ್ಟ್ರು ಬಂದು, ಕಣ್ಣು ಮುಚ್ಚಿ, ಒಂದು ಚಮಚ ನುಂಗಿ, ಅಮೆರಿಕದವರಾಗಿ ಮೇಲಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಹೆಂಡತಿ ಮಾಡಿದ ಅಡುಗೆಯ ರುಚಿ ಒಂದೂ ತಿಳಿಯುತ್ತಿರಲಿಲ್ಲ. ಆಕೆ ನನ್ನ ಹತ್ತಿರ ಬಂದು ಗೋಳಾಡಿದಳು. “ಉಪ್ಪು ಹಾಕದೇ ಇದ್ರೂ ಚೆನ್ನಾಗಿದೆ ಅಂತಾರೆ ಚಿಕ್ಕಮ್ಮ. ಇಷ್ಟು ವರ್ಷಕ್ಕೆ ಮೊದಲ್ನೇ ಸಲ ಹೊಗಳ್ತಿದಾರೆ. ಬೇರೆ ಯಾರಾದ್ರೂ ಗಂಟು ಬಿದ್ದಿದಾರಾ ಅಂತ ಭಯ ಆಗ್ತಿದೆ.”

ಊರಿನವರು ಸುಮ್ಮನಿದ್ದರೇ? ಇಪ್ಪತ್ತು ವರ್ಷದಿಂದ ಮೇಷ್ಟ್ರಿಗೆ ಸೇಬು ಮಾರುತ್ತಿದ್ದ ಹಣ್ಣಿನವಳು ಈಗ ಕಿವುಡರ ಜೊತೆ ಮಾತಾಡುವ ಹಾಗೆ, “ಸೇ…ಬು! ತಿನ್…ತೀ…ರಾ?” ಎಂದು ಕೂಗತೊಡಗಿದಳು. ತಾಕ್ ತಾತನಂತೂ ಮೇಷ್ಟ್ರು ಊಟ ಮಾಡುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. “ಎಷ್ಟು ಚೆನ್ನಾಗಿ ಊಟದ ಕಡ್ಡಿ ಹಿಡೀತೀರಪ್ಪ! ಕಿಮ್ಚಿ ಖಾರ ಆಗಲ್ವಾ?” ಇಷ್ಟು ವರ್ಷ ಎದುರಿಗೇ ಕೂತು ಮೇಷ್ಟ್ರ ತಟ್ಟೆಯಿಂದಲೇ ಕಿಮ್ಚಿ ಉಪ್ಪಿನಕಾಯಿ ಎತ್ತಿ ತಿಂದ ಮನುಷ್ಯ ಇವರು! “ತಾತ, ನಾನು ಇಲ್ಲಿಯೋನೇ” ಎನ್ನಲು ಹೋದರೆ ಸುಟ್ಟ ನಾಲಿಗೆಯಿಂದ ಅದು “ಥಾಥ, ನಾಲು ಇಲ್ಲಿಯೋಲೇ” ಎಂದು ಬರುತ್ತಿತ್ತು. ತಾತ ಮೆಚ್ಚಿ ತಲೆಯಾಡಿಸಿ, “ನಮ್ಮ ಭಾಷೇನೂ ಎಷ್ಟು ಬೇಗ ಕಲಿತರು!” ಎನ್ನುತ್ತಿದ್ದರು.

ಎದುರು ಬೀದಿಯ ಪಾಠಶಾಲೆಯಲ್ಲಿ ನಿಜವಾಗಿಯೂ ಕೆನಡಾದಿಂದ ಬಂದ ಒಬ್ಬ ಮೇಷ್ಟ್ರಿದ್ದ. ಅವನ ಮಕ್ಕಳೆಲ್ಲ ಇಲ್ಲಿಗೆ ಓಡಿ ಬಂದರು, ಅವನ ಮಾತು ತೀರ ಬಿಡಿಸಿ ಹೇಳಿದ ಹಾಗಿರುತ್ತದೆ ಎಂದು ತಾಯಂದಿರ ದೂರು. ಹೊಟ್ಟೆ ಉರಿಯದೆ ಇರುತ್ತದೆಯೇ? ಆ ಶಾಲೆಯವರು ಶಿಕ್ಷಣ ಇಲಾಖೆಗೆ ಅರ್ಜಿ ಹಾಕಿದರು: ‘ಚಿನ್ನದ ನಾಲಿಗೆಯಲ್ಲಿ ನೋಂದಣಿಯಿಲ್ಲದ ಒಬ್ಬ ಅಮೆರಿಕದವನು ಕದ್ದು ಪಾಠ ಮಾಡುತ್ತಿದ್ದಾನೆ.’

ಇಲಾಖೆಯ ಗುಕ್ ಸಾಹೇಬರು ಬಂದದ್ದು ಸರಿಯಾಗಿ ಎರಡನೆಯ ಸಲ ತಾಯಂದಿರು ಪಾಠ ನೋಡಲು ಕೂತಿದ್ದ ದಿನ. ಕುಳ್ಳಗೆ, ಗಟ್ಟಿಗೆ, ಕತ್ತರಿಸಿದ ತಲೆಗೂದಲು. ನಾನು ಚಹಾ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ. ತಟ್ಟೆ ಇಟ್ಟು ಹೋಗುವ ಹೊತ್ತೇ ಅದು?

“ಇವರು ಯಾವ ದೇಶದೋರು?” ಎಂದರು ಸಾಹೇಬರು.

“ಅದೆಲ್ಲ ಆಮೇಲೆ ಮಾತಾಡೋಣ ಸರ್, ಮೊದಲು ಕೊಪಿ ತಗೊಳ್ಳಿ” ಎಂದರು ಪ್ಯೋ ಮೇಡಂ.

“ಕೊಪಿ ಬೇಡ. ವಿದೇಶದೋರಾದ್ರೆ ನೋಂದಣಿ ಇಲ್ಲ, ಇವತ್ತೇ ಶಾಲೆಗೆ ಬೀಗ. ನಮ್ಮೋರೇ ಆದ್ರೆ ಹೊರಗಡೆ ಬ್ಯಾನರ್ ಸುಳ್ಳು. ಎರಡರಲ್ಲಿ ಯಾವುದು ಹೇಳಿ.”

ಮೇಡಂ ಅತ್ತ ತಾಯಂದಿರನ್ನು ನೋಡಿದರು, ಇತ್ತ ಸಾಹೇಬರನ್ನು ನೋಡಿದರು. ಮೇಷ್ಟ್ರ ಗುರುತಿನ ಚೀಟಿಯನ್ನು ಅವರೇ ಇಸಿದುಕೊಂಡು, ಯಾರೂ ಹುಟ್ಟಿದೂರು ನೋಡದಿರಲಿ ಎಂದು ಎಲ್ಲೋ ಬಚ್ಚಿಟ್ಟಿದ್ದರು. ಈಗ ಅದು ಎಲ್ಲಿದೆ ಎಂದು ಅವರಿಗೂ ನೆನಪಿಲ್ಲ.

ಮೇಷ್ಟ್ರು ಮುಂದೆ ಬಂದರು. ಬಾಗಿ ನಮಸ್ಕಾರ ಮಾಡಿ, “ಥರ್, ನಾಲು ಪಕ್ಕದ ಹಲ್ಲೀಲಿ ಹುತ್ತಿ ಬೆಲೆದೋಲು” ಎಂದರು.

“ಕೇಳಿಸ್ತಲ್ಲ!” ಎಂದು ಸಾಹೇಬರು ಉಳಿದವರತ್ತ ತಿರುಗಿದರು. “ಇದು ನಮ್ಮೋರ ಮಾತಾ? ಬಾಯಿ ಬಿಟ್ಟ ಕೂಡ್ಲೇ ಗೊತ್ತಾಗುತ್ತೆ.”

“ಟೆಕ್ಸಾಸ್” ಎಂದರು ಬೊಮ್‌ಸೊಕ್‌ನ ಅಮ್ಮ, ಸಹಾಯ ಮಾಡುವ ಸದುದ್ದೇಶದಿಂದ.

ಮೇಷ್ಟ್ರು ವಿದೇಶದವರಾದರೆ ಶಾಲೆ ಮುಚ್ಚುತ್ತದೆ, ಇಲ್ಲಿಯವರಾದರೆ ತಾಯಂದಿರು ಬಿಡುವುದಿಲ್ಲ. ಹೇಗೆ ನೋಡಿದರೂ ಕೆಲಸ ಹೋಯಿತು. ಗುಕ್ ಸಾಹೇಬರು ಅವರನ್ನು ಮೇಲಿಂದ ಕೆಳಗೆ ಅಳೆದು ನೋಡಿದರು. ಏನು ಹೊಳೆಯಿತೋ, ಇದ್ದಕ್ಕಿದ್ದಂತೆ ಎದೆ ಸೆಟೆಸಿ, ಕಿಟಕಿ ಗಾಜು ನಡುಗುವಂತೆ ಗುಡುಗಿದರು:

“ಸೇನಾ ನಂಬರ್!”

ನಮ್ಮ ದೇಶದ ಗಂಡಸಿಗೆ ಹೆಂಡತಿಯ ಹುಟ್ಟಿದ ದಿನ ಮರೆಯಬಹುದು, ಮದುವೆಯ ದಿನ ಮರೆಯಬಹುದು. ವಯಸ್ಸಿಗೆ ಬಂದ ಗಂಡಸರೆಲ್ಲ ಕಡ್ಡಾಯವಾಗಿ ಸೇರುವ ಸೈನ್ಯದಲ್ಲಿ ಕೊಟ್ಟ ನಂಬರ್ ಸಾಯುವ ತನಕ ಮರೆಯದು. ಅದು ತಲೆಯಲ್ಲಿ ಇರುವುದಿಲ್ಲ, ಬೆನ್ನುಮೂಳೆಯಲ್ಲಿ ಇರುತ್ತದೆ. ಮೇಷ್ಟ್ರ ಹಿಮ್ಮಡಿಗಳು ಟಕ್ಕೆಂದು ಕೂಡಿದವು. ಕೈ ಹಣೆಗೆ ಹೋಯಿತು. “ನಿಷ್ಠೆ!” ಎಂದು ಸೈನ್ಯದ ಘೋಷಣೆ ಕೂಗಿ ಸಲ್ಯೂಟ್ ಹೊಡೆದು ನಂಬರನ್ನೂ ದರ್ಜೆಯನ್ನೂ ಪಡೆಯ ಹೆಸರನ್ನೂ ಒಂದೇ ಉಸಿರಿನಲ್ಲಿ ಕೂಗಿದರು. ಬಾತ ನಾಲಿಗೆಗೆ ತೊದಲಲು ಪುರಸೊತ್ತೇ ಸಿಗಲಿಲ್ಲ. ಆ ನಂಬರನ್ನು ನಾನಿಲ್ಲಿ ಹೇಳುವುದಿಲ್ಲ, ದೇಶದ ಗುಟ್ಟು.

ಅಷ್ಟಕ್ಕೇ ನಿಲ್ಲಲಿಲ್ಲ. ಮೆಟ್ಟಿಲ ಹತ್ತಿರ ನಿಂತಿದ್ದ ಡ್ರೈವರ್ ಬಾಂಗಣ್ಣ ತನ್ನ ನಂಬರ್ ಕೂಗಿದ. ಗಲಾಟೆ ಕೇಳಿ ಹತ್ತಿ ಬಂದಿದ್ದ ತಾಕ್ ತಾತ ಎರಡೂ ಮಂಡಿಗಳ ಆಪರೇಷನ್ ಮರೆತು ನೆಟ್ಟಗೆ ನಿಂತು ತಮ್ಮ ಪುರಾತನ ನಂಬರ್ ಕೂಗಿದರು. ಕೊನೆಗೆ ಗುಕ್ ಸಾಹೇಬರೇ ತಡೆಯಲಾರದೆ ತಮ್ಮದನ್ನು ಕೂಗಿ, ಕೂಗಿದ ಮೇಲೆ ಯೋಚಿಸಿ, ಕೆಂಪಾದರು.

“ಅಣ್ಣಾ! ನೀವೂ ಅದೇ ಪಡೆನಾ? ನನಗಿಂತ ಒಂದು ವರ್ಷ ಸೀನಿಯರ್ ನೀವು!” ಎಂದು ಮೇಷ್ಟ್ರ ಮುಂದೆ ಸೊಂಟ ಮುರಿಯುವಂತೆ ಬಾಗಿದರು. “ತಪ್ಪಾಯ್ತಣ್ಣ. ಇಂಥ ಅಪ್ಪಟ ಮನುಷ್ಯನ್ನ ಅಮೆರಿಕದೋನು ಅಂದ್ರಲ್ಲ, ಯಾವನ್ರೀ ಅದು ಅರ್ಜಿ ಹಾಕಿದ್ದು? ಬ್ಯಾನರ್ ಒಂದು ಇಳಿಸಿಬಿಡಿ ಮೇಡಂ.” ಹೋಗುವಾಗ ಕೊಪಿಯನ್ನೂ ಕುಡಿದೇ ಹೋದರು.

ತಾಯಂದಿರೆಲ್ಲ ಬೊಮ್‌ಸೊಕ್‌ನ ಅಮ್ಮನ ಮುಖ ನೋಡಿದರು. ಅವರು ಎದ್ದು ನಿಂತರು.

“ಅಂದ್ರೆ… ನೀವು ಅಮೆರಿಕಕ್ಕೆ ಹೋಗೇ ಇಲ್ವಾ?”

ಮೇಷ್ಟ್ರು ತಲೆ ತಗ್ಗಿಸಿದರು.

“ಹೋಗಲಿ, ಗುವಾಮ್‌ಗೆ?”

“ಜೇಜು” ಎಂದರು ಮೇಷ್ಟ್ರು ಸಣ್ಣಗೆ.

ಮುಗಿಯಿತು ಎಂದುಕೊಂಡೆ ನಾನು. ಆದರೆ ತಾಯಿಯ ಮನಸ್ಸನ್ನು ನಾನು ಇನ್ನೂ ಅರಿತಿರಲಿಲ್ಲ.

“ಇಲ್ಲಿ ಕೂತೇ ಇಂಥ ಉಚ್ಚಾರಣೆ ಬಂತಾ!” ಎಂದು ಅವರು ಕಿರುಚಿದರು. “ಹಂಗಾದ್ರೆ ನಮ್ಮ ಬೊಮ್‌ಸೊಕ್‌ಗೂ ಬರುತ್ತೆ! ಹೇಳಿ ಮೇಷ್ಟ್ರೇ, ಏನು ಮಾಡಿದ್ರಿ? ಏನು ತಿಂದ್ರಿ?”

ಮೇಷ್ಟ್ರು ನಿಜ ಹೇಳಿಬಿಟ್ಟರು. ಬಾಯಿ ತೆರೆದು ಕೆಂಪಗೆ ಬೊಬ್ಬೆ ಬಂದ ನಾಲಿಗೆ ತೋರಿಸಿ, ನನ್ನತ್ತ ಬೆರಳು ಮಾಡಿದರು. “ಥಾಲು. ಚಿಕ್ಕಮ್ಮನ ಥಾಲು. ಥುಟ್ಟುಹೋಯ್ತು.” ತಾಯಂದಿರೆಲ್ಲ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಅಂಥ ಗೌರವದ ನೋಟ ನನ್ನ ಮೇಲೆ ಯಾವತ್ತೂ ಬಿದ್ದಿರಲಿಲ್ಲ. ಸುಟ್ಟುಹೋಯ್ತು ಎಂಬ ಮಾತು ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ಮಾರನೆಯ ದಿನದಿಂದ ನನ್ನ ಅಂಗಡಿಯ ಮುಂದೆ ಸಾಲು. ಪ್ರತಿ ತಾಯಿಯ ಕೈಯಲ್ಲೂ ಒಂದೊಂದು ಮಗು. ನಾನೇನು ರಾಕ್ಷಸಿಯೇ? ಮಕ್ಕಳ ಬಟ್ಟಲನ್ನು ಅಡುಗೆಮನೆಯಲ್ಲೇ ಆರಿಸಿ, ಉಗುರುಬೆಚ್ಚಗೆ ಮಾಡಿ ಕೊಡುತ್ತಿದ್ದೆ, ಯಾರಿಗೂ ಹೇಳುತ್ತಿರಲಿಲ್ಲ. ಮಕ್ಕಳು ಹೊಟ್ಟೆ ತುಂಬ ಕುಡಿದು ಏಳುತ್ತಿದ್ದವು. ತಾಯಂದಿರು ಅವುಗಳ ಮಾತು ಕೇಳಿ, “ನೋಡಿ, ಆಗಲೇ ಎಷ್ಟು ಬೆಣ್ಣೆ!” ಎಂದು ಪುಳಕಗೊಳ್ಳುತ್ತಿದ್ದರು.

ಇಷ್ಟೆಲ್ಲ ಆದ ಮೇಲೆ ಮಾ ಮೇಷ್ಟ್ರ ಕೆಲಸ ಉಳಿಯಿತು. ಅವರು ನೆಮ್ಮದಿಯಿಂದ ಸಾರು ಬಿಟ್ಟರು. ನಾಲಿಗೆ ವಾಸಿಯಾಯಿತು. ಹಳೆಯ ಒಣ ಅನ್ನದ ಇಂಗ್ಲಿಷ್ ಹಿಂದಿರುಗಿತು, ಜೊತೆಗೆ ಕಾಗದದ ಪಟ್ಟಿಯೂ ಕನ್ನಡಿಯೂ. ಮೂರನೆಯ ಸಲ ತಾಯಂದಿರು ಪಾಠ ನೋಡಲು ಬಂದಾಗ ಮೇಷ್ಟ್ರು ಹೇಳಿದ್ದೆಲ್ಲ ಎಲ್ಲರಿಗೂ ಚೆನ್ನಾಗಿ ಅರ್ಥವಾಯಿತು. ಹಿಂದಿನ ಸಾಲಿನಲ್ಲಿ ಮೂಗು ಮುರಿಯುವುದು ಶುರುವಾಯಿತು.

ಪ್ಯೋ ಮೇಡಂ ಸಿದ್ಧರಾಗಿಯೇ ಬಂದಿದ್ದರು. ನನ್ನಿಂದ ತರಿಸಿದ ಮಣ್ಣಿನ ಬಟ್ಟಲನ್ನು ಕುದಿಯುತ್ತಿರುವಂತೆಯೇ ಮೇಷ್ಟ್ರ ಮೇಜಿನ ಮೇಲಿಟ್ಟರು.

“ಮಾ ಸರ್, ಆರೋಕೆ ಮುಂಚೆ.”

ಮೇಷ್ಟ್ರು ಬಟ್ಟಲು ನೋಡಿದರು. ತಾಯಂದಿರು ಕುತ್ತಿಗೆ ಚಾಚಿದರು. ಮುಂದಿನ ಸಾಲಿನಲ್ಲಿ ಬೊಮ್‌ಸೊಕ್ ತುಟಿಯ ಮುಂದೆ ಕಾಗದ ಹಿಡಿದು ‘ಫ’ ಎಂದು ಊದಿದ, ಕಾಗದ ಚೆನ್ನಾಗಿ ಅಲುಗಿತು, ಅವನು ಮೇಷ್ಟ್ರ ಮುಖ ನೋಡಿ ನಕ್ಕ. ಮೇಷ್ಟ್ರೂ ನಕ್ಕರು. ಆಮೇಲೆ ಬಟ್ಟಲನ್ನು ಎರಡೂ ಕೈಯಿಂದ ಮರ್ಯಾದೆಯಾಗಿ ಮೇಡಂ ಕಡೆಗೆ ಸರಿಸಿ, ಅಂಗೈ ಚಾಚಿದರು.

“ವ್ಯಾನಿನ ಕೀಲಿಕೈ ಕೊಡಿ ಮೇಡಂ.”

ಅಷ್ಟು ಸ್ಪಷ್ಟವಾದ ಮಾತನ್ನು ಅವರ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಬಹಳ ಸಂತೋಷವಾಯಿತು. ಅವರ ಅತ್ತೆಗೆ ಏನಾಯಿತೋ ತಿಳಿಯದು, ಹೆಂಡತಿಗೆ ಮಾತ್ರ ಅಡುಗೆಯಲ್ಲಿ ಉಪ್ಪು ಕಮ್ಮಿ ಎಂದು ಬೈಸಿಕೊಂಡು ಜೀವ ಬಂದ ಹಾಗಾಯಿತಂತೆ.

ಈಗ ಮೂರನೇ ಅಂತಸ್ತಿಗೆ ಹೊಸ ಟೀಚರ್ ಬಂದಿದ್ದಾಳೆ. ಹುಡುಗಿ ನಿಜವಾಗಿಯೂ ಅಮೆರಿಕದಲ್ಲೇ ಹುಟ್ಟಿ ಬೆಳೆದವಳು. ಮೊದಲ ದಿನವೇ ತಾಯಂದಿರು ಅವಳ ಇಂಗ್ಲಿಷ್ ಕೇಳಿ, ಪರವಾಗಿಲ್ಲ, ಆದರೆ ಬೆಣ್ಣೆ ಸಾಲದು ಎಂದು ತೀರ್ಪು ಕೊಟ್ಟರು.

ಇವತ್ತು ಮಧ್ಯಾಹ್ನ ಶಾಲೆ ಬಿಟ್ಟ ಹೊತ್ತಿಗೆ ಅವಳು ನನ್ನ ಅಂಗಡಿಯಲ್ಲಿ ಕುದಿಯುವ ಬಟ್ಟಲಿನ ಮುಂದೆ ಕೂತಿದ್ದಳು, ಎದುರಿಗೆ ಪ್ಯೋ ಮೇಡಂ. ಹೊರಗೆ ಹಳದಿ ವ್ಯಾನ್ ನಿಂತಿತ್ತು. ಮಾ ಮೇಷ್ಟ್ರು ಸ್ಟಿಯರಿಂಗ್ ಹಿಡಿದುಕೊಂಡೇ ಕೆಳತುಟಿಗೆ ಹಲ್ಲು ಒತ್ತಿ ತೋರಿಸುತ್ತಿದ್ದರು, ಮಕ್ಕಳೆಲ್ಲ ಕಿಟಕಿಗೆ ಮುಖವಿಟ್ಟು “ಕಾಫಿ! ಕಾಫಿ!” ಎಂದು ಕೂಗುತ್ತಿದ್ದವು, ಗಾಜಿನ ತುಂಬ ಅವುಗಳ ಉಸಿರು. ಹುಡುಗಿ ಅವರನ್ನು ಆಸೆಯಿಂದ ನೋಡಿ, ಚಮಚ ಎತ್ತಿ, ಉಫ್ ಎಂದು ಊದಲು ಹೋದಳು.

ಪ್ಯೋ ಮೇಡಂ ಅವಳ ಕೈ ಹಿಡಿದುಕೊಂಡರು.

“ಊದಬೇಡಮ್ಮ” ಎಂದರು. “ಉಚ್ಚಾರಣೆ ಕೆಡುತ್ತೆ.”